ಮನೆಯಲ್ಲೇ ಇರುವ ಗಂಡಸರು

ಬಾಂಗ್ಸಾರ್, ಕ್ವಾಲಾಲಂಪುರ
4 ಫೆಬ್ರವರಿ 2024

ಅಪೂರ್ವ,

ನಿನ್ನ ಸಂಶೋಧನೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಪ್ರೊಫೆಸರರ ನಿಯಮಗಳನ್ನೂ ಓದಿದೆ. ತಿಂಗಳಿಗೆ ಆ ಟಿವಿ ಧಾರಾವಾಹಿಯ ಎರಡು ಕಂತು ನೋಡಬೇಕು, ಅನಿಸಿದ್ದನ್ನು ಕೈಯಲ್ಲೇ ಪತ್ರವಾಗಿ ಬರೆಯಬೇಕು, ಭಾಷೆ ಯಾವುದಾದರೂ ಆಗಬಹುದು, ಫೋನಿನಲ್ಲಿ ಚರ್ಚೆ ಕೂಡದು. ಸಂಶೋಧಕಿ ಪ್ರಶ್ನೆ ಕೇಳಬಹುದು, ತನ್ನ ಅಭಿಪ್ರಾಯ ಹೇಳುವಂತಿಲ್ಲ. ನಿನ್ನ ವಯಸ್ಸಿನವರಿಗೆಲ್ಲ ಈ ಕೊನೆಯ ನಿಯಮ ಅನ್ವಯಿಸಿದರೆ ಮನೆಮನೆಗಳಲ್ಲಿ ಶಾಂತಿ ನೆಲೆಸೀತು.

ಕನ್ನಡದಲ್ಲೇ ಬರೆಯುತ್ತೇನೆ. ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಇಂಗ್ಲಿಷ್, ಬರೆಯುವ ಕೈ ಮಾತ್ರ ಮಂಗಳೂರಿನ ಸಿಸ್ಟರುಗಳು ತಿದ್ದಿದ ಕನ್ನಡದ್ದು. ಇಪ್ಪತ್ತೆರಡು ವರ್ಷಗಳಿಂದ ವಿಮಾ ಕಂಪನಿಯಲ್ಲಿ ಕೂತು ಜನರ ಕ್ಲೇಮುಗಳನ್ನು ಓದುವವಳು ನಾನು. ಎಲ್ಲಿ ಸುಳ್ಳಿದೆ ಎಂದು ಹುಡುಕುವುದೇ ಕೆಲಸ. ಧಾರಾವಾಹಿಯನ್ನೂ ಅದೇ ಕಣ್ಣಿನಿಂದ ನೋಡಿದರೆ ಕ್ಷಮಿಸಬೇಕು.

ಅಮೆರಿಕದ ಕಪ್ಪು ಜನರ ಕುಟುಂಬ. ಅಪ್ಪ ಸೇತುವೆ ಕಟ್ಟುವ ಎಂಜಿನಿಯರ್, ಅಮ್ಮ ಹೃದಯದ ಸರ್ಜನ್, ಮೂರು ಮಕ್ಕಳು, ಒಬ್ಬ ಅಜ್ಜಿ. ಮನೆಯೊಳಗೆ ಎರಡೂ ಕಡೆಯಿಂದ ಇಳಿಯುವ ಮೆಟ್ಟಿಲು. ಮೊದಲ ಕಂತಿನಲ್ಲಿ ಅಮ್ಮ ಹನ್ನೊಂದು ಗಂಟೆ ಆಪರೇಷನ್ ಮಾಡಿ ಬರುತ್ತಾಳೆ, ಮುಂದಿನ ದೃಶ್ಯದಲ್ಲೇ ರೇಷ್ಮೆಯ ಅಂಗಿಯಲ್ಲಿ ಒಲೆಯ ಮುಂದೆ ನಿಂತು ಸೌಟು ಆಡಿಸುತ್ತಾಳೆ. ಬೆವರಿಲ್ಲ, ಅಂಗಿಯ ಮೇಲೊಂದು ಕಲೆಯಿಲ್ಲ. ತರಕಾರಿ ಹೆಚ್ಚಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ. ಇದು ಕ್ಲೇಮಾಗಿ ನನ್ನ ಮೇಜಿಗೆ ಬಂದಿದ್ದರೆ ಹೆಚ್ಚಿನ ದಾಖಲೆ ಕೇಳಿ ವಾಪಸ್ ಕಳಿಸುತ್ತಿದ್ದೆ. ಆ ಮನೆಯಂತೂ ಯಾವ ಕ್ಷಣದಲ್ಲಾದರೂ ನೆಂಟರು ಬೆಲ್ ಒತ್ತಿಯಾರು ಎಂಬಂತೆ ಇರುತ್ತದೆ. ಅವರು ಯಾರಿಗೋ ತೋರಿಸಲಿಕ್ಕಾಗಿಯೇ ಬದುಕುತ್ತಿದ್ದಾರೆ ಎಂದು ನನಗನಿಸಿತು.

ಎರಡನೆಯ ಕಂತಿನಲ್ಲಿ ಅಪ್ಪ ತನ್ನ ಅಂಗಳದ ಹುಲ್ಲು ಕತ್ತರಿಸುತ್ತಿರುತ್ತಾನೆ. ಹೊಸದಾಗಿ ಬಂದ ಬಿಳಿಯ ನೆರೆಯವನು ಅವನನ್ನು ತೋಟದ ಕೆಲಸದವನೆಂದುಕೊಂಡು ಕೂಲಿ ವಿಚಾರಿಸುತ್ತಾನೆ. ಧಾರಾವಾಹಿಯವರು ಅಲ್ಲಿ ರೆಕಾರ್ಡ್ ಮಾಡಿದ ದೊಡ್ಡ ನಗು ಹಾಕಿದ್ದಾರೆ. ನಾನೂ ನಕ್ಕೆ. ನನ್ನ ಗಂಡ ಫೌಸ್ಟಿನ್ ನಗಲಿಲ್ಲ. ಯಾರು ಎಲ್ಲಿ ನಕ್ಕರು ಎಂದು ಬರೆಯಲು ನೀನು ಹೇಳಿದ್ದರಿಂದ ಇದನ್ನು ಬರೆದೆ.

ಇಂತಿ,
ಲೊರೆಟ್ಟಾ


ಸೈಬರ್‌ಜಯಾ
12 ಫೆಬ್ರವರಿ 2024

ಪ್ರೀತಿಯ ಲೊರೆಟ್ಟಾ ಆಂಟಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹೊಗಳುವುದೂ ಅಭಿಪ್ರಾಯವೇ ಎಂದು ಪ್ರೊಫೆಸರ್ ಹೇಳಿದ್ದರಿಂದ ಹೊಗಳುತ್ತಿಲ್ಲ. ಬ್ರಿಕ್‌ಫೀಲ್ಡ್ಸಿನ ದಿನಸಿ ಅಂಗಡಿಯ ಗೋಡೆಗೆ ನಾನು ಹಚ್ಚಿದ ಚೀಟಿಯನ್ನು ನೋಡಿ ಒಂಬತ್ತು ಜನ ಫೋನ್ ಮಾಡಿದ್ದರು, ಪತ್ರ ಬರೆದವರು ನೀವೊಬ್ಬರೇ. ಧಾರವಾಡದಲ್ಲಿರುವ ಅಪ್ಪನಿಗೆ ನನ್ನ ಸಂಶೋಧನೆ ಏನೆಂದು ಇನ್ನೂ ಅರ್ಥವಾಗಿಲ್ಲ. "ಟಿವಿ ನೋಡಾಕ ಮಲೇಷ್ಯಾ ತನಕಾ ಹೋಗಬೇಕಾತೇನು?" ಎನ್ನುತ್ತಾರೆ.

ನನ್ನ ಪ್ರಶ್ನೆಗಳು ಇಷ್ಟು. ಅಂಕಲ್ ಯಾಕೆ ನಗಲಿಲ್ಲ? ಆ ಕುಟುಂಬ ಯಾರಿಗೆ ತೋರಿಸಲು ಹಾಗೆ ಬದುಕುತ್ತಿದೆ? ನಿಮ್ಮ ಪರಿಚಯದಲ್ಲಿ ಕಪ್ಪು ಜನರ ಕುಟುಂಬ ಯಾವುದಾದರೂ ಇದೆಯೇ?

ನಿಮ್ಮ,
ಅಪೂರ್ವ


ಬಾಂಗ್ಸಾರ್
3 ಮಾರ್ಚ್ 2024

ಅಪೂರ್ವ,

ಫೌಸ್ಟಿನನನ್ನು ಕೇಳಿದೆ. "ಹುಲ್ಲು ಕತ್ತರಿಸ್ತಾ ಇದ್ದದ್ದು ನಿಜ ಅಲ್ವಾ? ಅದರಲ್ಲಿ ನಗ್ಲಿಕ್ಕೆ ಎಂತ ಉಂಟು?" ಎಂದ. ಅವನೂ ಸೇತುವೆಯ ಎಂಜಿನಿಯರ್ ಆಗಿದ್ದವನು, ಈಗ ಕನ್ಸಲ್ಟೆಂಟ್. ಹಾಗಾಗಿ ಆ ಅಪ್ಪನ ಬಗ್ಗೆ ಸ್ವಲ್ಪ ಪಕ್ಷಪಾತ ಇರಬಹುದು.

ಯಾರಿಗೆ ತೋರಿಸಲು? ಬಿಳಿಯರಿಗೆ ಎಂದು ನಾನು ಬರೆದರೆ ನಿನ್ನ ಪ್ರೊಫೆಸರಿಗೆ ಖುಷಿಯಾದೀತು. ಅರ್ಧ ನಿಜವೂ ಹೌದು. ಇನ್ನರ್ಧ ತಮ್ಮವರಿಗೇ ಎಂದು ನನ್ನ ಅಂದಾಜು. ನಮ್ಮ ಮಂಗಳೂರಿನವರು ಇಲ್ಲಿ ಸೆಪ್ಟೆಂಬರಿನಲ್ಲಿ ಮೇರಿ ಮಾತೆಯ ಹುಟ್ಟುದಿನದ ಮೊಂತಿ ಹಬ್ಬದ ಊಟಕ್ಕೆ ಸೇರುತ್ತಾರೆ. ಬಂದವರು ಮೊದಲು ಪರದೆ ನೋಡುತ್ತಾರೆ, ಆಮೇಲೆ ಎಲೆಯ ಮೇಲೆ ಎಷ್ಟು ಬಗೆಯ ತರಕಾರಿ ಎಂದು ಎಣಿಸುತ್ತಾರೆ. ಹಬ್ಬದ ದಿನ ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯಲ್ಲೇ ಇರಬೇಕು. ಎಣಿಸಿದ ಮೇಲೆ ಮನೆಯೊಡತಿಯ ಮುಖ ನೋಡುತ್ತಾರೆ. ಬಿಳಿಯನೊಬ್ಬ ಬಂದರೆ ಇಷ್ಟೆಲ್ಲ ಎಣಿಸುವುದಿಲ್ಲ.

ಈ ತಿಂಗಳ ಕಂತಿನಲ್ಲಿ ಚಿಕ್ಕ ಮಗಳಿಗೆ ಶಾಲೆಯ ಫೋಟೋಗಾಗಿ ಕೂದಲು ನೇರ ಮಾಡಿಸಿಕೊಳ್ಳುವ ಹಟ. ಅಜ್ಜಿ ಅವಳನ್ನು ಮಂಡಿಗಳ ನಡುವೆ ಕೂರಿಸಿಕೊಂಡು ಬಾಚುತ್ತಾಳೆ, ತನ್ನ ಕಾಲದ ಕಥೆ ಹೇಳುತ್ತಾಳೆ. ಬಾಚಣಿಗೆ ಹಿಡಿಯಲು ಬಾರದ ಅಪ್ಪ ಬಾಗಿಲಲ್ಲಿ ಬೆಪ್ಪಾಗಿ ನಿಂತಿರುತ್ತಾನೆ. ಅಲ್ಲಿಯೂ ನಗು.

ನಿನ್ನ ಮೂರನೆಯ ಪ್ರಶ್ನೆಗೆ ಉತ್ತರ: ನಮ್ಮ ಮಹಡಿಯಲ್ಲೇ ಇದ್ದಾರೆ. ಘಾನಾ ದೇಶದವರು, ಬಾಡಿಗೆಗೆ ಬಂದು ಒಂದೂವರೆ ವರ್ಷವಾಯಿತು. ಹೆಂಡತಿ ಅಬೆನಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಗಂಡ ಕ್ವಾಮೆ ಕೆಲಸಕ್ಕೆ ಹೋಗುವುದಿಲ್ಲ, ಎರಡು ಹೆಣ್ಣುಮಕ್ಕಳನ್ನು ನೋಡಿಕೊಳ್ಳುತ್ತಾನೆ. ಸಂಜೆ ನಾನು ಎಲ್‌ಆರ್‌ಟಿ ರೈಲಿನಿಂದ ಇಳಿದು ಮನೆಗೆ ಬರುವ ಹೊತ್ತಿಗೆ ಅವನು ಬಾಗಿಲ ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಮಕ್ಕಳ ತಲೆಗೆ ಸಣ್ಣ ಸಣ್ಣ ಜಡೆ ಹೆಣೆಯುತ್ತಿರುತ್ತಾನೆ. ಆ ಬೆರಳುಗಳ ವೇಗ ನೋಡಬೇಕು. ಇದನ್ನು ಧಾರಾವಾಹಿಯಲ್ಲಿ ತೋರಿಸಿದ್ದರೆ ನಗು ಎಲ್ಲಿ ಹಾಕುತ್ತಿದ್ದರೋ ತಿಳಿಯದು.

ಇಂತಿ,
ಲೊರೆಟ್ಟಾ


ಸೈಬರ್‌ಜಯಾ
15 ಮಾರ್ಚ್ 2024

ಪ್ರೀತಿಯ ಆಂಟಿ,

ಈ ಸಲ ಎರಡೇ ಪ್ರಶ್ನೆ. ಧಾರಾವಾಹಿಯ ಕುಟುಂಬ ಹಾಗಿರಲಿ, ನಿಮ್ಮ ಕಟ್ಟಡದವರು ಕ್ವಾಮೆ ಅವರ ಕುಟುಂಬವನ್ನು ಹೇಗೆ ಕಾಣುತ್ತಾರೆ? ಮತ್ತೆ ನೀವು?

ನಿಮ್ಮ,
ಅಪೂರ್ವ


ಬಾಂಗ್ಸಾರ್
1 ಏಪ್ರಿಲ್ 2024

ಅಪೂರ್ವ,

ನಿನ್ನ ಪ್ರಶ್ನೆ ಬಂದ ವಾರವೇ ಉತ್ತರವೂ ಮನೆಗೆ ಬಂತು. ಉತ್ತರದ ಹೆಸರು ಜಯಕರ.

ಉಡುಪಿ ಕಡೆಯವರು, ನಿವೃತ್ತರು, ನಮ್ಮ ನಿವಾಸಿಗಳ ಸಮಿತಿಯ ಅಧ್ಯಕ್ಷರು. ನಾನು ಕಾರ್ಯದರ್ಶಿ. ಮೂರು ಸಾಲಿನ ದೂರು ತಂದಿದ್ದರು. ಕಾರಿಡಾರಿನಲ್ಲಿ ಅಡುಗೆಯ ವಾಸನೆ, ಕಾರಿಡಾರಿನಲ್ಲಿ ಕೂರುವುದು, ಮತ್ತು "ಉದ್ಯೋಗ ಅಸ್ಪಷ್ಟ". ಘಾನಾದವರ ಬಾಡಿಗೆ ಕರಾರು ಜೂನಿನಲ್ಲಿ ಮುಗಿಯುತ್ತದೆ. ಅದನ್ನು ಮುಂದುವರಿಸಬೇಡಿ ಎಂದು ಸಮಿತಿ ಆ ಫ್ಲ್ಯಾಟಿನ ಮಾಲೀಕನಿಗೆ ಬರೆದರೆ ಅವನು ಮುಂದುವರಿಸುವುದಿಲ್ಲ. ಮೇ 4ರಂದು ಸಭೆ.

"ಲೊರೆಟ್ಟಾಬಾಯಿ, ನನಗೆ ಅವರ ಮೇಲೆ ದ್ವೇಷ ಎಂತದೂ ಇಲ್ಲ" ಎಂದರು ಜಯಕರ. "ಆ ಹೆಂಗಸು ಒಳ್ಳೆಯವಳೇ. ಆದ್ರೆ ಗಂಡಸು ಇಡೀ ದಿನ ಮನೆಯಲ್ಲಿ ಕೂತು ಎಂತ ಮಾಡ್ತಾನೆ, ಯಾರಿಗಾದ್ರೂ ಗೊತ್ತುಂಟಾ? ಹೆಂಡ್ತಿ ದುಡಿಯುದು, ಗಂಡ ತಿನ್ನುದು. ಅಂಥವ ನಾಳೆ ಎಂತ ಮಾಡಿಯಾನು ಅಂತ ಹೇಳ್ಲಿಕ್ಕಾಗುದಿಲ್ಲ ಲಾ."

ಮಲೇಷ್ಯಾದವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಇದನ್ನು ಹೇಳುತ್ತಾ ಅವರು ನಮ್ಮ ಮನೆಯ ಪತ್ರೊಡೆ ನಾಲ್ಕು ತುಂಡು ತಿಂದರು. "ನಿಮ್ಮ ಕೈಯ ಪತ್ರೊಡೆ ಉಡುಪಿಯಲ್ಲೂ ಸಿಕ್ಕುದಿಲ್ಲ" ಎಂದರು. ಫೌಸ್ಟಿನ್ ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿ ಒಳಗೆ ಹೋದ.

ನಾನು ಹೇಗೆ ಕಾಣುತ್ತೇನೆ ಎಂದು ಕೇಳಿದ್ದೀ. ಲಿಫ್ಟಿನಲ್ಲಿ ಗುಡ್ ಮಾರ್ನಿಂಗ್ ಹೇಳುತ್ತೇನೆ. ದೂರಿನ ಮೂರು ಸಾಲನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿದವಳೂ ನಾನೇ. ಎರಡೂ ಒಂದೇ ದಿನ... ಇಲ್ಲ, ಇದು ನಿನ್ನ ಸಂಶೋಧನೆಗೆ ಬೇಡ. ಹೊಡೆದುಹಾಕು.

ಈ ತಿಂಗಳ ಕಂತುಗಳು ಚೆನ್ನಾಗಿದ್ದವು. ಸರ್ಜನ್ ಅಮ್ಮ ಈಗಲೂ ಬೆವರುತ್ತಿಲ್ಲ.

ಇಂತಿ,
ಲೊರೆಟ್ಟಾ


ಸೈಬರ್‌ಜಯಾ
12 ಏಪ್ರಿಲ್ 2024

ಪ್ರೀತಿಯ ಆಂಟಿ,

ಇವತ್ತು ನಿಯಮ ಮುರಿಯುತ್ತಿದ್ದೇನೆ. ಈ ಪತ್ರದಲ್ಲಿ ಪ್ರಶ್ನೆಯಿಲ್ಲ.

ಜನವರಿಯಲ್ಲಿ ಫಾರಂ ಕೊಡಲು ನಿಮ್ಮ ಮನೆಗೆ ಬಂದಿದ್ದೆನಲ್ಲ, ಅಂಕಲ್ ಅವತ್ತು ರಜೆ ಹಾಕಿದ್ದಾರೆ ಎಂದಿರಿ. ನನಗೆ ಚಹಾ ಮಾಡಲು ಒಳಗೆ ಹೋದ ನೀವು ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಅಡುಗೆಮನೆಯಿಂದ ಕೂಗಿ ಅವರನ್ನು ಕೇಳಿದಿರಿ. ಅಂಕಲ್ ಪೇಪರಿನಿಂದ ತಲೆ ಎತ್ತದೆ ಎರಡನೇ ಕಪಾಟು, ಎಡಗಡೆ, ಕೆಂಪು ಮುಚ್ಚಳ ಎಂದರು. ಆಮೇಲೆ ಬಾಲ್ಕನಿಯಲ್ಲಿ ನಿಮ್ಮ ಆಫೀಸಿನ ಐದು ಅಂಗಿಗಳು ಇಸ್ತ್ರಿಯಾಗಿ ತೂಗುತ್ತಿದ್ದವು. ಧಾರಾವಾಹಿಯಲ್ಲಿ ತರಕಾರಿ ಹೆಚ್ಚಿದ್ದು ಯಾರು ಎಂದು ನೀವು ಕೇಳಿದ್ದೀರಿ. ಪತ್ರೊಡೆ ಯಾರ ಕೈಯದು ಎಂದು ನನಗೆ ಗೊತ್ತು.

ತಪ್ಪು ತಿಳಿಯಬೇಡಿ, ನನಗೆ ನಿಮ್ಮ ಮನೆ ತುಂಬ ಇಷ್ಟವಾಯಿತು. ಸಭೆಯಲ್ಲಿ ಒಂದು ಮಾತು ಹೇಳಿ ಆಂಟಿ. "ನನ್ನ ಮನೆಯಲ್ಲೂ ಹೀಗೇ" ಎಂದರೆ ಸಾಕು. ಜಯಕರ ಅವರ ಬಾಯಿಗೆ ಬೀಗ ಬೀಳುತ್ತದೆ. ಆ ಕಟ್ಟಡದಲ್ಲಿ ಇದನ್ನು ಹೇಳಬಲ್ಲವರು ನೀವೊಬ್ಬರೇ.

ನಿಮ್ಮ,
ಅಪೂರ್ವ


ಬಾಂಗ್ಸಾರ್
22 ಏಪ್ರಿಲ್ 2024

ಕುಮಾರಿ ಅಪೂರ್ವ ಅವರಿಗೆ,

ನಿಮ್ಮ ಒಪ್ಪಿಗೆ ಪತ್ರದ ಆರನೆಯ ಕಲಮಿನ ಪ್ರಕಾರ ನಾನು ಯಾವಾಗ ಬೇಕಾದರೂ, ಕಾರಣ ಹೇಳದೆ, ಸಂಶೋಧನೆಯಿಂದ ಹಿಂದೆ ಸರಿಯಬಹುದು. ಸರಿದಿದ್ದೇನೆ. ನನ್ನ ಮೂರು ಪತ್ರಗಳನ್ನು ಹಿಂದಿರುಗಿಸಬೇಕು. ನನ್ನ ಗಂಡ ಕನ್ಸಲ್ಟೆಂಟ್.

ಲೊರೆಟ್ಟಾ


ಸೈಬರ್‌ಜಯಾ
20 ಮೇ 2024

ಆಂಟಿ,

ಮೂರೂ ಪತ್ರಗಳು ಇದರ ಜೊತೆಗಿವೆ. ಜೆರಾಕ್ಸ್ ಇಟ್ಟುಕೊಂಡಿಲ್ಲ. ನಿಮ್ಮ ಮೇಲೆ ನಿಂತಿದ್ದ ಅಧ್ಯಾಯವನ್ನು ಕೈಬಿಟ್ಟಿದ್ದೇನೆ. ಪ್ರೊಫೆಸರಿಗೆ ನಡೆದದ್ದನ್ನು ಹೇಳಿ ಬೈಸಿಕೊಂಡೆ, ಬೈದದ್ದು ಸರಿಯೇ. ನಿಮ್ಮ ಮನೆಯ ಚಹಾ ಕುಡಿದು ನಿಮ್ಮ ಮನೆಯನ್ನೇ ನೋಟ್ ಮಾಡಿಕೊಂಡು ಬಂದವಳು ನಾನು. ಕ್ಷಮೆ ಕೇಳಲು ಬೇರೆ ಮಾತು ತೋಚುತ್ತಿಲ್ಲ.

ಅಪೂರ್ವ


ಬಾಂಗ್ಸಾರ್
14 ಜುಲೈ 2024

ಅಪೂರ್ವ,

ನಿನಗೆ ಇನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಡೆದದ್ದನ್ನು ಯಾರಿಗಾದರೂ ಕನ್ನಡದಲ್ಲಿ ಹೇಳಬೇಕಿತ್ತು, ಕೊಂಕಣಿಯಲ್ಲಿ ಹೇಳಿದರೆ ಅದು ಮನೆಯಲ್ಲೇ ಸುತ್ತುತ್ತದೆ.

ಮೇ 4ರ ಸಭೆಗೆ ಏಳು ಜನರಲ್ಲಿ ಆರು ಜನ ಬಂದಿದ್ದೆವು. ಅಬೆನಾ ಬಂದು ನಿಂತುಕೊಂಡೇ ಮಾತಾಡಿದಳು. "ನಾನು ಪಾಠ ಮಾಡುತ್ತೇನೆ, ನನ್ನ ಗಂಡ ಮಕ್ಕಳನ್ನು ಬೆಳೆಸುತ್ತಾರೆ, ಇದನ್ನು ನಾವಿಬ್ಬರೂ ಕೂತು ತೀರ್ಮಾನಿಸಿದ್ದು" ಎಂದಳು. ಆ ಕಡೆಯಿಂದ ಯಾರೋ ನಕ್ಕರು. ಅವಳು ನಗು ನಿಲ್ಲುವ ತನಕ ಕಾದು, ಥ್ಯಾಂಕ್ಯೂ ಹೇಳಿ ಹೊರಗೆ ಹೋದಳು. ಜಯಕರರು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು. "ಇಂಥಾ ಸಂಸಾರ ನೀವು ಎಲ್ಲಿಯಾದ್ರೂ ಕಂಡದ್ದುಂಟಾ ಲೊರೆಟ್ಟಾಬಾಯಿ?"

ನಾನು ಹೇಳಿದ್ದು: "ನಾನು ಮಿನಿಟ್ಸ್ ಬರೀತಾ ಇದ್ದೇನೆ."

ಮೂವರು ಕೈ ಎತ್ತಿದರು, ಇಬ್ಬರು ವಿರೋಧಿಸಿದರು. ನಾನು ತಟಸ್ಥ ಎಂದು ನಾನೇ ಬರೆದುಕೊಂಡೆ. ವಿರೋಧಕ್ಕೆ ನನ್ನ ಕೈಯೂ ಎದ್ದಿದ್ದರೆ ಮೂರಕ್ಕೆ ಮೂರಾಗಿ ಪ್ರಸ್ತಾಪ ಬಿದ್ದುಹೋಗುತ್ತಿತ್ತು. ಮರುದಿನ ಮಾಲೀಕನಿಗೆ ಪತ್ರ ಹೋಯಿತು, ಕೆಳಗೆ ನನ್ನ ಸಹಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಧಾರಾವಾಹಿಯ ಸುಳ್ಳು ಹಿಡಿದು ನಿನಗೆ ಪುಟಗಟ್ಟಲೆ ಬರೆದವಳು ನಾನು.

ಫೌಸ್ಟಿನನಿಗೆ ಸುದ್ದಿ ತಿಳಿದದ್ದು ಕ್ವಾಮೆಯಿಂದ. ಆ ಇಬ್ಬರು ಒಂದು ವರ್ಷದಿಂದ ದಿನಾ ಬೆಳಿಗ್ಗೆ, ಮಕ್ಕಳ ಶಾಲೆಯ ವ್ಯಾನ್ ಹೋದ ಮೇಲೆ, ಮೂಲೆಯಲ್ಲಿರುವ ತಮಿಳು ಮುಸ್ಲಿಮರ ಮಮಕ್ ಹೋಟೆಲಿನಲ್ಲಿ ಜೊತೆಯಾಗಿ ಚಹಾ ಕುಡಿಯುತ್ತಿದ್ದರಂತೆ. ಆಮೇಲೆ ಇಬ್ಬರೂ ಸಂತೆಗೆ ಹೋಗಿ ಮೀನು ಆರಿಸುತ್ತಿದ್ದರಂತೆ. ನನಗಿದು ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ನಾನು ಆಫೀಸಿನಲ್ಲಿರುತ್ತೇನೆ. ಎಂಟು ವರ್ಷಗಳಲ್ಲಿ ಫೌಸ್ಟಿನ್ ತನ್ನ ಕೆಲಸ ಹೋದ ವಿಷಯವನ್ನು ಬಾಯಿಬಿಟ್ಟು ಹೇಳಿದ್ದು ಒಬ್ಬನಿಗೆ, ಕ್ವಾಮೆಗೆ, ಪರಿಚಯವಾದ ಮೊದಲ ದಿನವೇ.

"ಸಭೆಯಲ್ಲಿ ನೀನು ಎಂತ ಹೇಳಿದ್ದು?" ಎಂದು ಕೇಳಿದ. ಹೇಳಿದೆ. "ಆಯ್ತು" ಎಂದ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಂಗಿಗಳೂ ಇಸ್ತ್ರಿಯಾಗುತ್ತಿದ್ದವು. ಮಾತು ಮಾತ್ರ ಬರುತ್ತಿರಲಿಲ್ಲ. ಆರು ವಾರ ಹೀಗೆ ನಡೆಯಿತು. ನನಗೆ ನಾಚಿಕೆಯಾಯಿತು, ಅಪೂರ್ವ. ಇದಕ್ಕೆ ಬೇರೆ ಹೆಸರಿಲ್ಲ. ನಿನ್ನ ಪತ್ರದ ಮೇಲೆ ಬಂದ ಸಿಟ್ಟು ಕೂಡ ಇದೇ ಆಗಿತ್ತು, ಹೆಸರು ಬೇರೆ ಇಟ್ಟುಕೊಂಡಿದ್ದೆ.

ಜೂನ್ 20ರಂದು ಅಬೆನಾ ಬೆಲ್ ಒತ್ತಿದಳು. ಪುಚೋಂಗ್‌ನಲ್ಲಿ ಒಂದು ಮನೆ ನೋಡಿದ್ದಾರೆ, ಅದರ ಮಾಲೀಕರು ಹಿಂದಿನ ಕಟ್ಟಡದ ಸಮಿತಿಯಿಂದ ನಡತೆಯ ಪತ್ರ ಕೇಳುತ್ತಿದ್ದಾರೆ. "ನಾಲ್ಕು ಮನೆ ಕೈತಪ್ಪಿತು. ನನ್ನ ಹೆಸರು ನೋಡಿ ಒಪ್ಪುತ್ತಾರೆ, ಫೋಟೋ ನೋಡಿ ಬೇಡ ಎನ್ನುತ್ತಾರೆ. ನೀವು ಕಾರ್ಯದರ್ಶಿ, ಬರೆದುಕೊಡುತ್ತೀರಾ?" ಎಂದಳು. ತನ್ನನ್ನು ಮನೆ ಬಿಡಿಸಿದ ಪತ್ರದ ಕೆಳಗೆ ನನ್ನ ಸಹಿ ಇದ್ದದ್ದನ್ನು ಅವಳು ನೋಡಿದ್ದಾಳೆ. ಆದರೂ ಬಂದಿದ್ದಳು. ಜುಲೈ ಒಂದಕ್ಕೆ ಮನೆ ಖಾಲಿ ಮಾಡಬೇಕಿತ್ತು, ಮಕ್ಕಳ ಶಾಲೆ ನಡುವರ್ಷದಲ್ಲಿತ್ತು. ಅವಳಿಗೆ ಅಭಿಮಾನ ನೋಡಿಕೊಳ್ಳುವಷ್ಟು ಸಮಯವಿರಲಿಲ್ಲ.

ಅವತ್ತೇ ಸಂಜೆ ಬರೆದೆ. ನಾಲ್ಕು ಸಾಲು: ಇಂಥವರು ಇಂಥ ಅವಧಿಯಲ್ಲಿ ವಾಸವಿದ್ದರು, ನಿರ್ವಹಣಾ ಶುಲ್ಕ ಬಾಕಿಯಿಲ್ಲ, ನಮ್ಮ ತಿಳಿವಳಿಕೆಯಂತೆ ಸಭ್ಯರು. ಫೌಸ್ಟಿನ್ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಅದನ್ನು ಓದಿದ. ಆರು ವಾರಗಳ ನಂತರ ಅವನು ಆಡಿದ ಮೊದಲ ದೊಡ್ಡ ಮಾತು ಇದು.

"ಇದರಲ್ಲಿ ಕ್ವಾಮೆ ಎಲ್ಲಿದ್ದಾನೆ?"

"ಅವನ ವಿಷಯ ಬರೆದ್ರೆ ಗಂಡಸು ಮನೆಯಲ್ಲಿ ಎಂತ ಮಾಡ್ತಾನೆ ಅಂತ ಅದೇ ಪ್ರಶ್ನೆ ಬರ್ತದೆ. ಉತ್ತರ ಬರೀಬೇಕಾದ್ರೆ ನಿನ್ನನ್ನೂ ಬರೀಬೇಕು" ಎಂದೆ.

"ಬರಿ."

"ಇದರ ಒಂದು ಪ್ರತಿ ಸಮಿತಿಯ ಫೈಲಿಗೆ ಹೋಗ್ಬೇಕು. ಜಯಕರ ಓದ್ತಾರೆ. ಭಾನುವಾರದ ಮೊದಲು ಇಗರ್ಜಿಯಲ್ಲೆಲ್ಲ ಗೊತ್ತಾಗ್ತದೆ. ಊರಲ್ಲಿ ನಿನ್ನ ಅಣ್ಣಂದಿರಿಗೂ."

ಅವನು ಅಂಗಿಯ ಕಾಲರು ಮುಗಿಸಿದ. "ಸುರುವಿಗೆ ಎರಡು ವರ್ಷ ನನಗೆ ನಾಚಿಕೆ ಇತ್ತು, ಸುಳ್ಳು ಹೇಳುದಿಲ್ಲ. ಮತ್ತೆ ಹೋಯ್ತು. ಕನ್ಸಲ್ಟೆಂಟ್ ಅಂತ ಕಾರ್ಡು ಪ್ರಿಂಟ್ ಮಾಡಿಸಿದ್ದು ನೀನು ಮಾರಾಯ್ತಿ. ನಾನು ಒಂದೂ ಯಾರಿಗೂ ಕೊಟ್ಟಿಲ್ಲ."

ನಾನು ಅವನ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡು ಎಂಟು ವರ್ಷ ಕಳೆದಿದ್ದೆ. ಕ್ಲೇಮು ಓದುವವಳಿಗೆ ಮನೆಯ ಫೈಲು ಓದಲು ಬರಲಿಲ್ಲ.

ಇನ್ನೊಂದು ಬರೆದೆ. ಪುಚೋಂಗ್‌ನ ಮಾಲೀಕರು ಫೋನ್ ಮಾಡಿದರಂತೆ, ಫೌಸ್ಟಿನ್ ಅವರ ಜೊತೆ ಅರ್ಧ ಗಂಟೆ ಮಾತಾಡಿದನಂತೆ. ಮನೆ ಸಿಕ್ಕಿತು. ಜೂನ್ 30ರಂದು ಕ್ವಾಮೆಯ ಸಾಮಾನು ಇಳಿಸಲು ಫೌಸ್ಟಿನ್ ಹೋಗಿದ್ದ, ನಾನೂ ಎರಡು ಪೆಟ್ಟಿಗೆ ಹೊತ್ತೆ. ಅಬೆನಾ ನನಗೆ ಥ್ಯಾಂಕ್ಯೂ ಹೇಳಿದಳು, ನನ್ನನ್ನು ಅಪ್ಪಿಕೊಳ್ಳಲಿಲ್ಲ. ಅಪ್ಪಿಕೊಳ್ಳಬೇಕಾದ ಕಾರಣವೂ ಇಲ್ಲ. ಅವರು ನಮ್ಮ ಮಹಡಿಯಲ್ಲೇ ಇರಬಹುದಿತ್ತು. ಜಯಕರರು ಈಗ ಲಿಫ್ಟಿನಲ್ಲಿ ನನ್ನ ಜೊತೆ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಾರೆ. ಇಗರ್ಜಿಯಲ್ಲಿ ಇಬ್ಬರು ಹೆಂಗಸರು ನನ್ನ ಕೈ ಹಿಡಿದು ಪಾಪ ಎಂದರು. ಯಾರಿಗೆ ಪಾಪ ಎಂದು ಕೇಳಲಿಲ್ಲ.

ನೀನು ಹಿಂದಿರುಗಿಸಿದ ನನ್ನ ಮೂರು ಪತ್ರಗಳನ್ನು ಮತ್ತೆ ಕಳಿಸುತ್ತಿದ್ದೇನೆ. ಬೇಕಾದರೆ ಅಧ್ಯಾಯ ಬರೆ. ಅಬೆನಾಗೆ ನಾನು ಬರೆದುಕೊಟ್ಟದ್ದರ ಪ್ರತಿಯೂ ಇದೆ, ಇಂಗ್ಲಿಷಿನದ್ದನ್ನು ನಿನಗಾಗಿ ಕನ್ನಡ ಮಾಡಿದ್ದೇನೆ. ನಿನ್ನ ಪ್ರಶ್ನೆಗಳಿಗೆ ನಾನು ಕೊಟ್ಟ ಉತ್ತರಗಳಲ್ಲಿ ಪೂರ್ತಿ ನಿಜವಾದದ್ದು ಇದೊಂದೇ.

ಪ್ರೀತಿಯಿಂದ,
ಲೊರೆಟ್ಟಾ ಆಂಟಿ


[ಪ್ರತಿ]
21 ಜೂನ್ 2024

ಮಾನ್ಯರೇ,

ಶ್ರೀಮತಿ ಅಬೆನಾ, ಅವರ ಪತಿ ಕ್ವಾಮೆ ಮತ್ತು ಇಬ್ಬರು ಮಕ್ಕಳು ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಇಪ್ಪತ್ತೊಂದು ತಿಂಗಳು ವಾಸವಿದ್ದಾರೆ. ಅವರನ್ನು ಇಲ್ಲಿಂದ ಕಳಿಸಲು ಸಮಿತಿ ತೀರ್ಮಾನಿಸಿದ್ದಕ್ಕೆ ಅವರ ನಡತೆ ಕಾರಣವಲ್ಲ. ಆ ಸಭೆಯಲ್ಲಿ ಅವರ ಪರ ಮಾತಾಡಬೇಕಿದ್ದ ಒಬ್ಬರು ಸುಮ್ಮನಿದ್ದರು. ಅದು ನಾನು.

ಕ್ವಾಮೆ ಅವರು ಇಡೀ ದಿನ ಮನೆಯಲ್ಲೇ ಇರುತ್ತಾರೆ. ಅಡುಗೆ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ, ಮಕ್ಕಳ ಪಾಠ ನೋಡುತ್ತಾರೆ, ಜಡೆ ಹಾಕುತ್ತಾರೆ. ಇಂಥ ಗಂಡಸು ಮನೆಯಲ್ಲಿದ್ದರೆ ಆ ಮನೆ ಹೇಗಿರುತ್ತದೆ ಎಂದು ನಾನು ಎಂಟು ವರ್ಷಗಳ ಅನುಭವದಿಂದ ಹೇಳಬಲ್ಲೆ.

ಹೆಚ್ಚಿನ ವಿವರ ಬೇಕಿದ್ದರೆ ಕೆಳಗಿನ ನಂಬರಿಗೆ ಹಗಲು ಹೊತ್ತಿನಲ್ಲಿ ಫೋನ್ ಮಾಡಿ. ನಾನು ಕೆಲಸಕ್ಕೆ ಹೋಗಿರುತ್ತೇನೆ. ನನ್ನ ಗಂಡ ಫೌಸ್ಟಿನ್ ಎತ್ತುತ್ತಾರೆ.

ಲೊರೆಟ್ಟಾ
ಕಾರ್ಯದರ್ಶಿ, ನಿವಾಸಿಗಳ ಸಮಿತಿ